ಹೊತ್ತು ಹೋಗುವುದು ಅಂಗಳದಲ್ಲಿ

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಕೊಪ್ಪದಲ್ಲಿ ಆಂಬುಲೆನ್ಸ್ ಓಡಿಸುತ್ತೇನೆ. ಅದಕ್ಕೂ ಮೊದಲು ಬಾಡಿಗೆ ಜೀಪು ಓಡಿಸುತ್ತಿದ್ದೆ. ಎರಡೂ ಸೇರಿ ಇಪ್ಪತ್ತಾರು ವರ್ಷ. ಕೆಲಸದಲ್ಲಿ ಅಂಥ ವ್ಯತ್ಯಾಸವೇನೂ ಆಗಲಿಲ್ಲ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಶುರುವಾಗುವವರೆಗೂ, ಶುರುವಾದ ಮೇಲೂ ಎಷ್ಟೋ ವರ್ಷ, ಮಲೆನಾಡಿನ ಒಳಗಿನ ಊರುಗಳಿಗೆ ಆಂಬುಲೆನ್ಸ್ ಎಂದರೆ ಜೀಪೇ. ಬೆಳಿಗ್ಗೆ ಶಾಲೆ ಮಕ್ಕಳು, ಮಧ್ಯಾಹ್ನ ಅಡಿಕೆ ಮೂಟೆ, ರಾತ್ರಿ ಹೆರಿಗೆ ನೋವಿನ ಹೆಂಗಸು. ಮೂವರಿಗೂ ಅದೇ ಸೀಟು.

ಈಗಿನ ಗಾಡಿ ಊರಿನ ಒಂದು ಸಂಘದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ಹೋಗುತ್ತೇನೆ. ಮೊನ್ನೆ ಹೊಸದಾಗಿ ಸ್ಟೇರಿಂಗ್ ಹಿಡಿದ ಹುಡುಗನೊಬ್ಬ ಕೇಳಿದ: "ಅಣ್ಣಾ, ಆಗುಂಬೆ ಘಾಟಿ ಎಷ್ಟು ನಿಮಿಷದಲ್ಲಿ ಇಳೀತೀರಿ?" ನಾನೂ ಅವನ ವಯಸ್ಸಿನಲ್ಲಿ ಅದನ್ನೇ ಕೇಳುತ್ತಿದ್ದೆ. ಅವನಿಗೆ ಹೇಳಬೇಕೆಂದುಕೊಂಡದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಅಂಗಳದ ಗಡಿಯಾರ ನೋಡು

ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ ಒಂದು ಮನೆ. ಐವತ್ತರ ಆಚೀಚಿನ ಗೌಡರಿಗೆ ರಾತ್ರಿ ಎಂಟಕ್ಕೆ ಎದೆ ಹಿಡಿದಂತಾಯಿತು. ಮೊದಲು ಶುಂಠಿ ಕಷಾಯ. ಆಮೇಲೆ ಜೀರಿಗೆ ನೀರು, ಸೋಡಾ. ಬೆನ್ನಿಗೆ ಎಣ್ಣೆ ತಿಕ್ಕಿದ್ದೂ ಆಯಿತು. ಹತ್ತು ಗಂಟೆಗೆ ಬೆವರು ಕಿತ್ತುಕೊಂಡಿತು. "ಗ್ಯಾಸ್ಟ್ರಿಕ್ಕೇ, ಮಧ್ಯಾಹ್ನ ಹಲಸಿನಹಣ್ಣು ತಿಂದಿದ್ರಲ್ಲ" ಎಂದು ಅತ್ತಿಗೆಯವರು ತೀರ್ಮಾನ ಕೊಟ್ಟರು. ಬೆಂಗಳೂರಿನ ಮಗನಿಗೆ ಫೋನು ಹೋಯಿತು, ಅವನು ಪಕ್ಕದ ಮನೆಯ ಚಿಕ್ಕಪ್ಪನಿಗೆ ಮಾಡಿದ, ಚಿಕ್ಕಪ್ಪ ನಿದ್ದೆಯಿಂದೆದ್ದು ಬಂದು ನೋಡಿ ಗಾಬರಿಯಾದರು. ನನ್ನ ಫೋನ್ ಹೊಡೆದದ್ದು ರಾತ್ರಿ ಒಂದೂವರೆಗೆ. ನಾನು ಹೋಗಿ, ಕರೆದುಕೊಂಡು, ತಾಲ್ಲೂಕು ಆಸ್ಪತ್ರೆ ಮುಟ್ಟಿಸಿದಾಗ ಎರಡೂಮುಕ್ಕಾಲು. ಒಟ್ಟು ಆರೂಮುಕ್ಕಾಲು ಗಂಟೆಯಲ್ಲಿ ರಸ್ತೆ ತಿಂದದ್ದು ಒಂದೂಕಾಲು ಗಂಟೆ. ಉಳಿದ ಐದೂವರೆ ಅಂಗಳದ್ದು. ಗೌಡರು ಬದುಕಿದರು. ಆದರೆ ಈಗ ಗದ್ದೆ ಬದುವಿನವರೆಗೆ ನಡೆದರೆ ಕೂತು ಉಸಿರು ತಗೊಳ್ಳಬೇಕು.

ಒಂದು ತರಬೇತಿಯಲ್ಲಿ ಡಾಕ್ಟರೊಬ್ಬರು 'ಮೂರು ತಡ'ಗಳ ವಿಷಯ ಹೇಳಿದ್ದರು. ಬಡ ದೇಶಗಳಲ್ಲಿ ಬಾಣಂತಿಯರು ಯಾಕೆ ಸಾಯುತ್ತಾರೆ ಎಂದು ಹುಡುಕುತ್ತ ಹೊರಟ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಬರೆದಿಟ್ಟ ಮಾತದು: ಹೋಗಬೇಕೆಂದು ತೀರ್ಮಾನಿಸುವ ತಡ, ಹೋಗಿ ಮುಟ್ಟುವ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವ ತಡ. ನಾವು ಡ್ರೈವರುಗಳು ನಡುವಿನ ತಡಕ್ಕೆ ಸಂಬಳ ತಗೊಳ್ಳುವವರು. ಮೊದಲನೆಯದಕ್ಕೆ ಸಂಬಳ ತಗೊಳ್ಳುವವರು ಯಾರೂ ಇಲ್ಲ, ಆಶಾ ಕಾರ್ಯಕರ್ತೆಯರ ಗೌರವಧನವನ್ನು ಸಂಬಳ ಎನ್ನಬಹುದಾದರೆ ಅವರನ್ನು ಬಿಟ್ಟು.

ಅದಕ್ಕೇ ಹೋದಲ್ಲೆಲ್ಲ ಹೇಳುತ್ತೇನೆ: ಮೊದಲು ಗಾಡಿ ಕರೆಯಿರಿ, ಆಮೇಲೆ ಕಷಾಯ ಕಾಯಿಸಿ. ನಾನು ಬರುವಷ್ಟರಲ್ಲಿ ನೋವು ಇಳಿದಿದ್ದರೆ ಬೇಜಾರಿಲ್ಲ, ಒಂದು ಲೋಟ ಕಾಫಿ ಕುಡಿದು ವಾಪಸ್ ಹೋಗುತ್ತೇನೆ.

2. ಎದೆನೋವಿಗೆ ಮಣಿಪಾಲ ಎರಡನೇ ನಿಲ್ದಾಣ

ದುಡ್ಡಿದ್ದವರು ಎದೆನೋವೆಂದರೆ ನೇರ ಮಣಿಪಾಲಕ್ಕೆ ಬಿಡು ಎನ್ನುತ್ತಾರೆ. ಕೊಪ್ಪದಿಂದ ಸುಮಾರು 85 ಕಿಲೋಮೀಟರ್, ನಡುವೆ ಘಾಟಿ. ಮಳೆಗಾಲದ ರಾತ್ರಿ ಎರಡು ಗಂಟೆಗೂ ಮೇಲೆ. ಹೃದಯದ ರಕ್ತನಾಳ ಕಟ್ಟಿಕೊಂಡವನಿಗೆ ಎರಡು ತಾಸಿನೊಳಗೆ ಆಂಜಿಯೋಪ್ಲಾಸ್ಟಿ ಸಿಗುವಂತಿಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಹತ್ತಿರದಲ್ಲೇ ಕೊಡಬೇಕು, ಅದೂ ಮೊದಲ ಮೂರು ಗಂಟೆಯೊಳಗಾದರೆ ಅದರ ಗುಣವೇ ಬೇರೆ. ಇದು ನನ್ನ ಮಾತಲ್ಲ, ಡಾಕ್ಟರುಗಳ ನಿಯಮ. ಆ ಇಂಜೆಕ್ಷನ್ ಹೆಸರು ಟೆನೆಕ್ಟೆಪ್ಲೇಸ್, ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಅದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಇ.ಸಿ.ಜಿ. ಓದಿ ಹೇಳುವ ತಜ್ಞರು ದೂರದಲ್ಲಿ ಕೂತಿರುತ್ತಾರೆ.

ಇದಕ್ಕೂ ಮೊದಲೇ, 2018ರಲ್ಲಿ, ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ವೈದ್ಯರನ್ನು ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡು, ದಾನಿಗಳಿಂದ ಇ.ಸಿ.ಜಿ. ಯಂತ್ರ ಕೊಡಿಸಿ, ಹಳ್ಳಿಯಿಂದ ಬಂದ ಇ.ಸಿ.ಜಿ. ಪಟ್ಟಿಯ ಫೋಟೋ ನೋಡಿ ಸಲಹೆ ಕೊಡುವ ಕ್ರಮ ಶುರುಮಾಡಿದ್ದರು. ಸರ್ಕಾರದ್ದೂ ಅಲ್ಲದ, ಕಂಪನಿಯದ್ದೂ ಅಲ್ಲದ ಇಂಥ ಕೆಲಸಗಳು ಮಲೆನಾಡಿನಲ್ಲಿ ಬೇಗ ಬೇರು ಬಿಡುತ್ತವೆ.

ಮೊದಲು ಕೊಪ್ಪದಲ್ಲಿ ಇಳಿಸುತ್ತೇನೆ ಎಂದಾಗ ಮನೆಯವರು ಜಗಳಕ್ಕೆ ಬರುತ್ತಾರೆ. ಬರಲಿ. ಇ.ಸಿ.ಜಿ.ಗೆ ಹಿಡಿಯುವುದು ಹತ್ತು ನಿಮಿಷ.

3. ಮನೆ ಹೆಸರು ವಿಳಾಸವಲ್ಲ

ನಮ್ಮಲ್ಲಿ ಊರೆಂದರೆ ಒಂದು ಗುಡ್ಡಕ್ಕೊಂದು ಮನೆ. "ಹೊಸಮನೆಗೆ ಬನ್ನಿ" ಎಂದರೆ ಯಾವ ಹೊಸಮನೆ? ಒಂದೊಂದು ಗ್ರಾಮದಲ್ಲೂ ಒಂದಿದೆ, ಎಲ್ಲವೂ ಹಳೆಯವೇ. 108ಕ್ಕೆ ಫೋನ್ ಮಾಡುವಾಗ ಇನ್ನೊಂದು ಎಚ್ಚರ ಬೇಕು. ಆ ಕಡೆಯಿಂದ ಮಾತಾಡುವವರು ನಮ್ಮ ಊರಿನವರಲ್ಲ. ಮಂಡ್ಯ ಜಿಲ್ಲೆಯಲ್ಲೊಂದು ಕೊಪ್ಪ ಇದೆ, ಕುಶಾಲನಗರದ ಹತ್ತಿರ ಇನ್ನೊಂದು. ಜಿಲ್ಲೆ, ತಾಲ್ಲೂಕು, ಗ್ರಾಮ, ಹತ್ತಿರದ ಶಾಲೆ ಅಥವಾ ನ್ಯಾಯಬೆಲೆ ಅಂಗಡಿ, ಈ ಕ್ರಮದಲ್ಲಿ ಹೇಳಿ. ಎನ್.ಆರ್. ಪುರ ಎನ್ನುವ ಬದಲು ಪೂರ್ತಿ ನರಸಿಂಹರಾಜಪುರ ಎಂದರೆ ನಾಲಿಗೆಯೇನೂ ಸವೆಯುವುದಿಲ್ಲ.

ಮುಖ್ಯ ರಸ್ತೆಯ ತಿರುವಿಗೆ ಒಬ್ಬ ಹುಡುಗನನ್ನು ಟಾರ್ಚ್ ಕೊಟ್ಟು ನಿಲ್ಲಿಸಿ. ದಣಪೆ ತೆಗೆದಿಡಿ. ನಾಯಿ ಕಟ್ಟಿಹಾಕಿ. ಈ ಮೂರರಿಂದ ಉಳಿಯುವಷ್ಟು ಹೊತ್ತನ್ನು ಯಾವ ಸೈರನ್ನೂ ಉಳಿಸಿಕೊಡದು. ಸೈರನ್ ಕೇಳಿ ದಾರಿ ಬಿಡಲು ನಮ್ಮ ರಸ್ತೆಗಳಲ್ಲಿ ಯಾರಿದ್ದಾರೆ, ದನಗಳನ್ನೂ ವಾರದ ಕೊನೆಗೆ ಬರುವ ಟೂರಿಸ್ಟ್ ಕಾರುಗಳನ್ನೂ ಬಿಟ್ಟರೆ? ಎರಡಕ್ಕೂ ಕಿವಿ ಕೇಳುವುದಿಲ್ಲ.

4. ಜ್ವರಕ್ಕೆ ಜೋಲಿ, ಬಿದ್ದವನಿಗೆ ಏಣಿ

ಈ ಪಾಠ ಕಲಿಯಲು ನನಗೆ ಹೆಚ್ಚು ವರ್ಷ ಬೇಕಾಯಿತು, ಕಲಿಸಿದ್ದಕ್ಕೆ ಬೇರೆಯವರು ಬೆಲೆ ತೆತ್ತರು.

ಶೃಂಗೇರಿ ಕಡೆಯ ಕಾಡಂಚಿನ ಹಾಡಿಗಳಿಗೆ, ಕೊಪ್ಪದ ಮೇಗುಂದ ಕಡೆಯ ಕೆಲವು ಮನೆಗಳಿಗೆ ಇವತ್ತಿಗೂ ಗಾಡಿ ಬಾಗಿಲಿಗೆ ಹೋಗುವುದಿಲ್ಲ. ಹಳ್ಳ, ಕಾಲುಸಂಕ, ಏರು. ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿ, ಇಬ್ಬರು ಹೊತ್ತು, ಇಬ್ಬರು ಬದಲಿಗೆ ನಡೆದು ರಸ್ತೆಗೆ ತರುತ್ತಾರೆ. ಜ್ವರದವರಿಗೆ, ಸುಸ್ತಾದ ಮುದುಕರಿಗೆ ಜೋಲಿಯಷ್ಟು ಹಿತದ ವಾಹನ ಇನ್ನೊಂದಿಲ್ಲ.

ಆದರೆ ಅಡಿಕೆ ಮರದಿಂದ ಬಿದ್ದವನ ಕಥೆ ಬೇರೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹತ್ತುತ್ತಾರೆ, ಮರ ಪಾಚಿಗಟ್ಟಿರುತ್ತದೆ. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ದಾಟುವಾಗ ಕೈ ಜಾರುತ್ತದೆ. ಬಿದ್ದವನನ್ನು ಒಬ್ಬ ಕಂಕುಳಿಗೆ, ಇನ್ನೊಬ್ಬ ಕಾಲಿಗೆ ಕೈಕೊಟ್ಟು ಎತ್ತಿ ಜೋಲಿಗೆ ಹಾಕುತ್ತಾರೆ. ಜೋಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಬೆನ್ನುಮೂಳೆ ಮುರಿದಿದ್ದರೆ, ಬೀಳುವಾಗ ಉಳಿದುಕೊಂಡಿದ್ದ ನರ ಹೊರುವಾಗ ಹೋಗಬಹುದು. ಜೀಪಿನ ಕಾಲದಲ್ಲಿ ಹೀಗೆ ಬಂದ ಒಬ್ಬ ಕೊನೆಗಾರ ತೋಟದಲ್ಲಿ ಕಾಲು ಅಲ್ಲಾಡಿಸುತ್ತಿದ್ದನಂತೆ. ನನ್ನ ಜೀಪಿಗೆ ಬಂದಾಗ ಅಲ್ಲಾಡಿಸುತ್ತಿರಲಿಲ್ಲ. ನಾನೂ ಅವನನ್ನು ಹಿಂದಿನ ಸೀಟಿಗೆ ಮುದುಡಿ ಕೂರಿಸಿದೆ. ಅದು ಈಗಲೂ ನನ್ನ ಲೆಕ್ಕದಲ್ಲಿದೆ.

ಈಗ ಫೋನಿನಲ್ಲೇ ಹೇಳುತ್ತೇನೆ: ಏಣಿ ಬರುವವರೆಗೆ ಮುಟ್ಟಬೇಡಿ, ತಲೆ ಎತ್ತಿ ನೀರು ಕುಡಿಸಬೇಡಿ. ಮನೆಯ ಬಿದಿರೇಣಿ ತನ್ನಿ, ಮೇಲೆ ಕಂಬಳಿ ಮಡಚಿ ಹಾಸಿ. ನಾಲ್ಕು ಜನ ಒಂದೇ ಸಲಕ್ಕೆ, ತಲೆ–ಸೊಂಟ–ಕಾಲು ಒಂದೇ ಸಾಲಿನಲ್ಲಿ ಮರದ ದಿಮ್ಮಿ ಉರುಳಿಸಿದಂತೆ ಹೊರಳಿಸಿ ಏಣಿಗೆ ತನ್ನಿ. ತಲೆಯ ಎರಡೂ ಬದಿಗೆ ಸುತ್ತಿದ ಟವೆಲ್ ಇಟ್ಟು, ಪಂಚೆಯಿಂದ ಏಣಿಗೆ ಕಟ್ಟಿ. ಏಣಿ ಇಲ್ಲದಿದ್ದರೆ ಹಳೇ ಬಾಗಿಲು ಸಾಕು. ದುಬಾರಿ ಸ್ಪೈನ್ ಬೋರ್ಡ್ ಮಾಡುವ ಕೆಲಸದ ಮುಕ್ಕಾಲು ಪಾಲನ್ನು ಕೊಟ್ಟಿಗೆಯ ಏಣಿ ಮಾಡುತ್ತದೆ.

ಏಣಿಯೆಂದರೆ ಬಿದಿರಿನದು. ಅಲ್ಯೂಮಿನಿಯಂ ಏಣಿ ಬಂದ ಮೇಲೆ ಕಾಳುಮೆಣಸು ಕೊಯ್ಯುವವರು ತಂತಿಗೆ ತಾಗಿಸಿಕೊಂಡು ಸಾಯುವುದು ಹೊಸ ಸೇರ್ಪಡೆ. ಅಲ್ಲಿ ಮೊದಲ ಫೋನು ನನಗಲ್ಲ, ಮೆಸ್ಕಾಂಗೆ, 1912ಕ್ಕೆ. ಲೈನು ತೆಗೆಯುವ ಮೊದಲು ಹಿಡಿಯಲು ಹೋದವನೂ ಅದೇ ಗಾಡಿಯಲ್ಲಿ ಬರುತ್ತಾನೆ.

5. ಹಾವನ್ನು ತರಬೇಡಿ

ಕೊಂದು ಚೀಲದಲ್ಲಿ ತರುತ್ತಾರೆ. ಒಮ್ಮೆ ಚೀಲದೊಳಗಿನದು ಪೂರ್ತಿ ಸತ್ತಿರಲಿಲ್ಲ. ಅದನ್ನು ಹೆಚ್ಚು ವಿವರಿಸುವುದಿಲ್ಲ, ಗಾಡಿಯಿಂದ ಮೊದಲು ಇಳಿದವನು ನಾನೇ.

ಡಾಕ್ಟರಿಗೆ ಹಾವು ಬೇಕಿಲ್ಲ. ಒಣ ಗಾಜಿನ ನಳಿಕೆಗೆ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಜಾತಿಯ ವಿಷವೆಂದು ಗುಮಾನಿ. ರೆಪ್ಪೆ ಇಳಿಬಿದ್ದರೆ, ಮಾತು ತೊದಲಿದರೆ ನಾಗರವೋ ಕಟ್ಟುಹಾವೋ. ಕಟ್ಟುಹಾವಿನದೇ ದೊಡ್ಡ ಮೋಸ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವಿಲ್ಲ, ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ಕಣ್ಣು ತೆರೆಯಲಾಗದು. ಮನೆಯವರು ಜಟಕನ ಕಾಟವೋ ಮತ್ತೊಂದೋ ಎಂದು ಮಂತ್ರಕ್ಕೆ ಹೋಗುತ್ತಾರೆ. ಅಂಗಳದ ತಡ ಮತ್ತೆ ಇಲ್ಲಿ.

ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ನಮ್ಮ ತೋಟದ ತರಗೆಲೆಯಡಿ ಮುದುಡಿ ಕೂತಿರುವ, ಮೂಗಿನ ತುದಿ ಮೇಲೆದ್ದ ಆ ಸಣ್ಣ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಹೆಚ್ಚಿನವರಿಗೆ ಬಾವು, ನೋವಿನಲ್ಲಿ ಮುಗಿಯುತ್ತದೆ. ಕೆಲವರ ಮೂತ್ರಪಿಂಡ ಹೋಗುತ್ತದೆ, ಡಯಾಲಿಸಿಸ್ ಬೇಕಾಗುತ್ತದೆ. ಕಾಳಿಂಗನಿಗೂ ಈ ಔಷಧಿ ಮಾಡಿದ್ದಲ್ಲ. ಕಾಳಿಂಗನ ಹೆಸರಿಗೆ ಆಗುಂಬೆ ಜಗತ್ತಿಗೇ ಗೊತ್ತು, 2005ರಿಂದ ಅಲ್ಲೊಂದು ಸಂಶೋಧನಾ ಕೇಂದ್ರವೇ ಇದೆ. ಆದರೆ ಅದು ಮನುಷ್ಯರನ್ನು ಕಚ್ಚುವುದು ಬಲು ಅಪರೂಪ. ನಾನು ಇಪ್ಪತ್ತಾರು ವರ್ಷದಲ್ಲಿ ಅಂಥ ಒಂದು ಕೇಸೂ ಸಾಗಿಸಿಲ್ಲ.

ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಉಂಗುರ ಬಳೆ ತೆಗೆಯಿರಿ, ಕಚ್ಚಿದ ಕೈಯೋ ಕಾಲೋ ಅಲ್ಲಾಡದಂತೆ ಕಟ್ಟಿ, ನಡೆಸಬೇಡಿ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಪ್ರತಿವಿಷ ಎಷ್ಟಿದೆ ಕೇಳಿ. ಮೊದಲಿಗೇ ಹತ್ತು ವಯಲ್ ಬೇಕಾಗುತ್ತದೆ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು. ಮಂತ್ರ ಹಾಕಿಸಿಕೊಂಡು ಮನೆಯಲ್ಲೇ ತೀರಿಹೋದವರು ಆ ಲೆಕ್ಕಕ್ಕೆ ಹೇಗೆ ಬರುತ್ತಾರೋ.

6. ಬಾಟ್ಲಿ ತನ್ನಿ

ಇದನ್ನು ಚುಟುಕಾಗಿ ಹೇಳುತ್ತೇನೆ. ತೋಟದ ಔಷಧಿ ಹೊಟ್ಟೆಗೆ ಹೋದವರನ್ನು ಕರೆತರುವಾಗ ಮನೆಯವರು ಮರ್ಯಾದೆಗೆ ಅಂಜಿ "ಊಟ ಹಿಡಿಸಲಿಲ್ಲ" ಎನ್ನುತ್ತಾರೆ. ಯಾವ ಔಷಧಿ ಎಂದು ಗೊತ್ತಾದರೆ ಚಿಕಿತ್ಸೆಯ ದಾರಿಯೇ ಬೇರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ನಾನು ಯಾರಿಗೂ ಹೇಳುವುದಿಲ್ಲ, ನನಗೆ ಬಾಟ್ಲಿ ಕೊಡಿ. ವಾಪಸ್ ಬಂದ ಮೇಲೆ ಮಾತಾಡಲು ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

7. ಹೊರಡುವ ಮೊದಲು ಭಾಗಾಕಾರ

ಸಣ್ಣ ಆಕ್ಸಿಜನ್ ಸಿಲಿಂಡರು, ಬಿ ಟೈಪು ಎನ್ನುತ್ತೇವಲ್ಲ, ಅದರಲ್ಲಿ ಸುಮಾರು 1,500 ಲೀಟರ್. ರೋಗಿಗೆ ನಿಮಿಷಕ್ಕೆ 15 ಲೀಟರ್ ಬೇಕಿದ್ದರೆ 100 ನಿಮಿಷಕ್ಕೆ ಖಾಲಿ. ಮಣಿಪಾಲ ಎರಡು ತಾಸು. ಅಂದರೆ ಘಾಟಿ ಇಳಿದು ಹೆಬ್ರಿ ದಾಟಿದ ಮೇಲೆ ಮುಳ್ಳು ಸೊನ್ನೆಗೆ ಬರುತ್ತದೆ. ಕೋವಿಡ್ ಸಮಯದಲ್ಲಿ ಈ ಲೆಕ್ಕ ನಾಲಿಗೆ ತುದಿಯಲ್ಲಿರುತ್ತಿತ್ತು. ಹೊಸಬರಿಗೆ ಹೇಳುವುದಿಷ್ಟೇ: ಮುಳ್ಳು ನೋಡು, ಭಾಗಿಸು, ದಾರಿಯ ಹೊತ್ತಿಗೆ ಅರ್ಧ ಗಂಟೆ ಸೇರಿಸು. ದಾರಿಯಲ್ಲಿ ಮರ ಬಿದ್ದಿರುತ್ತದೆ.

8. ಎತ್ತ ಹೋಗುವುದು

ಮೂರು ತಾಲ್ಲೂಕು ಒಂದೇ ವಿಧಾನಸಭಾ ಕ್ಷೇತ್ರ, ಆದರೆ ರೋಗಿ ಹರಿಯುವ ದಿಕ್ಕು ಬೇರೆ ಬೇರೆ. ನರಸಿಂಹರಾಜಪುರದವರು ಉಂಬ್ಳೇಬೈಲು ಕಾಡಿನ ದಾರಿ ಹಿಡಿದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಶೃಂಗೇರಿಯವರು ಆಗುಂಬೆಯಿಂದ ಮಣಿಪಾಲಕ್ಕೆ, ಇಲ್ಲವೇ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ ದಾಟಿ ಕಾರ್ಕಳಕ್ಕೆ. ಕೊಪ್ಪದವರು ದಿಬ್ಬದ ಮೇಲೆ ಕೂತವರಂತೆ, ಎರಡೂ ಕಡೆಗೆ. ನಮ್ಮದೇ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಹೋಗುವವರು ಕಡಿಮೆ. ಶೃಂಗೇರಿಯ ಜನ ನೂರು ಹಾಸಿಗೆಯ ಆಸ್ಪತ್ರೆಗಾಗಿ ಬೀದಿಗಿಳಿದದ್ದು ಈ ಭೂಗೋಳದ ಮೇಲಿನ ಸಿಟ್ಟಿನಿಂದಲೇ.

ಮನೆಯವರಿಗೆ ಗೊತ್ತಿರುವುದು ಆಸ್ಪತ್ರೆಯ ಹೆಸರು. ಡ್ರೈವರಿಗೆ ಗೊತ್ತಿರಬೇಕಾದ್ದು ಆ ರಾತ್ರಿಯ ರಸ್ತೆ. ತುಂಗೆ ಏರಿ ಹೊಳೆದಂಡೆಯ ಕಪ್ಪೆಶಂಕರ ಮುಳುಗಿತೆಂದು ಸುದ್ದಿ ಬಂದರೆ ಶೃಂಗೇರಿಯ ತಗ್ಗಿನ ರಸ್ತೆಗಳನ್ನು ಮರೆಯಬೇಕು. ಆಗುಂಬೆಯಲ್ಲಿ ಗುಡ್ಡ ಕುಸಿದಿದೆಯೇ ಎಂದು ಚೆಕ್‌ಪೋಸ್ಟಿಗೆ ಕೇಳಬೇಕು. ನನ್ನ ಗಾಡಿಯಲ್ಲಿ ಸಂಘ ಕೊಟ್ಟ ಪೆಟ್ಟಿಗೆಯ ಜೊತೆಗೆ ಕತ್ತಿ, ಗರಗಸ, ಹಗ್ಗ, ಪ್ಲಾಸ್ಟಿಕ್ ಕೊಪ್ಪೆ, ಬಿಸಿನೀರಿನ ಫ್ಲಾಸ್ಕ್ ಇರುತ್ತವೆ.

ಇನ್ನು ಆ ಹುಡುಗನ ಪ್ರಶ್ನೆ. ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವು. ಒಂದು ಕಾಲದಲ್ಲಿ ನಾನು ಹಾರಿಸಿಕೊಂಡು ಇಳಿಯುತ್ತಿದ್ದೆ. ಒಂದು ದಿನ ನಾಲ್ಕನೇ ತಿರುವಿನಲ್ಲಿ ಹಿಂದಿದ್ದ ನರ್ಸಮ್ಮ ಗೋಡೆಗೆ ಬಡಿದು ಬಿದ್ದರು, ಡ್ರಿಪ್ಪು ಕಿತ್ತುಬಂತು, ರೋಗಿ ವಾಂತಿ ಮಾಡಿದ. ಗಾಡಿ ನಿಲ್ಲಿಸಿ ಎಲ್ಲ ಸರಿ ಮಾಡಲು ಹಿಡಿದದ್ದು ಹನ್ನೊಂದು ನಿಮಿಷ. ಹಾರಿಸಿ ಉಳಿಸಿದ್ದು ಎರಡೋ ಮೂರೋ. ನರ್ಸಮ್ಮ ಸೋಮೇಶ್ವರ ಮುಟ್ಟುವವರೆಗೆ ಮಾತಾಡಲಿಲ್ಲ. ಆಮೇಲೆ ಹೇಳಿದರು: "ನೀವು ಗಾಡಿ ಹೊಡೀರಿ, ನಾನು ಕೆಲಸ ಮಾಡುವ ಹಾಗೆ ಹೊಡೀರಿ."

9. ಜೀಪಿನವರಿಗೆ ಕಲಿಸಿ

ಆಫ್ರಿಕಾದ ಘಾನಾದಲ್ಲಿ ಆಂಬುಲೆನ್ಸ್ ಇಲ್ಲದ ಕಡೆ ಗಾಯಾಳುಗಳನ್ನು ಸಾಗಿಸುತ್ತಿದ್ದವರು ಬಸ್ಸು, ಟ್ಯಾಕ್ಸಿಯವರು. ಅಲ್ಲಿ 335 ಡ್ರೈವರುಗಳಿಗೆ ಆರು ಗಂಟೆಯ ಪ್ರಥಮ ಚಿಕಿತ್ಸೆ ಪಾಠ ಮಾಡಿದರು. ರಕ್ತ ಒತ್ತಿ ನಿಲ್ಲಿಸುವುದು, ಉಸಿರು ದಾರಿ ತೆರೆದಿಡುವುದು, ಇಂಥವು. ಆಮೇಲೆ ವಿಚಾರಿಸಿದಾಗ ಅವರು ಕಲಿತದ್ದನ್ನು ನಿಜವಾಗಿ ಬಳಸುತ್ತಿದ್ದರು. ಈ ಕಥೆ ಕೇಳಿದಾಗ ಜೀಪಿನ ದಿನಗಳು ನೆನಪಾದವು. ಆರು ಗಂಟೆ ಯಾರಾದರೂ ಕಲಿಸಿದ್ದರೆ ಆ ಕೊನೆಗಾರನನ್ನು ಕೂರಿಸುತ್ತಿರಲಿಲ್ಲ.

ನಮ್ಮ ಸ್ಟ್ಯಾಂಡಿನ ಆಟೋ, ಜೀಪು, ಪಿಕಪ್ಪಿನವರಿಗೆ ವರ್ಷಕ್ಕೊಮ್ಮೆ ಏಣಿ ಪಾಠ ನಾನೇ ಮಾಡುತ್ತೇನೆ. ಅವರ ಮೊದಲ ಪ್ರಶ್ನೆ ಪ್ರತಿ ಸಲ ಒಂದೇ: "ಪೊಲೀಸ್ ಕೇಸಾದ್ರೆ?" 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಸೇರಿತು: ಅಪಘಾತದವರನ್ನು ತಂದು ಬಿಟ್ಟವನು ತನ್ನ ಹೆಸರು ಹೇಳಲೇಬೇಕೆಂದಿಲ್ಲ, ಅವನ ಮೇಲೆ ಕೇಸಿಲ್ಲ. ಹೇಳಿದರೆ ತಲೆ ಆಡಿಸುತ್ತಾರೆ. ನಂಬಿದ್ದಾರೋ ಇಲ್ಲವೋ, ತರುವುದನ್ನಂತೂ ನಿಲ್ಲಿಸಿಲ್ಲ.

10. ನೀನು ಘಾಟಿ ಇಳಿದರೆ ಊರಲ್ಲಿ ಯಾರಿದ್ದಾರೆ

ಮಣಿಪಾಲಕ್ಕೆ ಹೋಗಿ ರೋಗಿಯನ್ನು ಒಪ್ಪಿಸಿ, ಸ್ಟ್ರೆಚರ್ ವಾಪಸ್ ತಗೊಂಡು, ಗಾಡಿ ತೊಳೆದು ಊರು ಸೇರುವಾಗ ಐದಾರು ಗಂಟೆ ದಾಟಿರುತ್ತದೆ. ಅಷ್ಟೂ ಹೊತ್ತು ಊರಿಗೆ ಒಂದು ಗಾಡಿ ಕಮ್ಮಿ. ಹೊರಡುವಾಗ ಜಯಪುರ, ಬಾಳೆಹೊನ್ನೂರು, ಶೃಂಗೇರಿಯ ಡ್ರೈವರುಗಳಿಗೆ "ನಾನು ಕೆಳಗೆ ಹೋಗ್ತಿದ್ದೇನೆ" ಎಂದು ಮೆಸೇಜ್ ಹಾಕುವುದು ನಾವೇ ಮಾಡಿಕೊಂಡ ಪದ್ಧತಿ. ಯಾವ ಪುಸ್ತಕದಲ್ಲೂ ಇಲ್ಲ.

ಹೋದ ಆಷಾಢದಲ್ಲಿ ಒಂದು ರಾತ್ರಿ ಹೆರಿಗೆ ಕೇಸು ಬಿಟ್ಟು ವಾಪಸ್ ಬರುತ್ತಿದ್ದೆ. ಘಾಟಿಯಲ್ಲಿ ಎಂದಿನಂತೆ ನೆಟ್‌ವರ್ಕ್ ಇಲ್ಲ. ಮೇಲೆ ಹತ್ತಿ ಆಗುಂಬೆಯ ಮಂಜಿನಲ್ಲಿ ಗಾಡಿ ನಿಲ್ಲಿಸಿ ಗಾಜು ಒರೆಸುವಾಗ ಫೋನು ಒಂದೇ ಸಮನೆ ಕುಂಯ್‌ಗುಟ್ಟಿತು. ಮೂರು ಮಿಸ್ಡ್ ಕಾಲು, ಮೂರೂ ಒಂದೇ ನಂಬರಿನವು. ಎರಡು ಗಂಟೆ ಹಿಂದಿನವು. ಕೈ ತಣ್ಣಗಾಯಿತು. ತಿರುಗಿ ಮಾಡಿದೆ.

ನಮ್ಮ ಸ್ಟ್ಯಾಂಡಿನ ಪಿಕಪ್ ಹುಡುಗ. "ಓ, ನೀವಾ? ಮೇಲಿನಕೊಡಿಗೆಯಲ್ಲಿ ಮಾಡು ಸರಿ ಮಾಡೋಕೆ ಹತ್ತಿದವ್ರು ಬಿದ್ರು ಮಾರಾಯ್ರೆ. ನೀವು ಎತ್ತಲಿಲ್ಲ. ನಾವೇ ತಂದು ಹಾಕಿದ್ವು, ಈಗ ಎಕ್ಸ್‌ರೇ ಮಾಡ್ತಿದಾರೆ."

"ಹೇಗೆ ತಂದ್ರಿ?"

"ಏಣಿ ಮೇಲೆ. ಆದ್ರೆ ಏಣಿ ಉದ್ದ ಆಯ್ತು, ಡೋರು ಹಾಕೋಕಾಗ್ಲಿಲ್ಲ. ಇಬ್ರು ಹಿಂದೆ ಹಿಡ್ಕೊಂಡು ನಿಂತಿದ್ರು, ಪೂರಾ ನೆಂದ್ರು."